ದೇವಿಕೊಪ್ಪದ ಕಾಡಂಚಿನಲ್ಲಿ

ಹುಬ್ಬಳ್ಳಿಯಿಂದ ಕಾರವಾರದತ್ತ ಸಾಗುವ ಹೆದ್ದಾರಿಯಲ್ಲಿ ಕಲಘಟಗಿಯನ್ನೂ ಅಲ್ಲಿಯ ಬಣ್ಣದ ತೊಟ್ಟಿಲುಗಳನ್ನು ನೋಡುವ ಆಸೆಯನ್ನೂ ಹಿಂದಿಕ್ಕಿ ಬಸ್ಸು ದೇವಿಕೊಪ್ಪವನ್ನು ಸಮೀಪಿಸಿದಾಗ, ಎರೆಹೊಲಗಳ ಸೀಮೆ ಮುಗಿಯಿತೆಂಬುದನ್ನು ಕೆಮ್ಮಣ್ಣೂ ಭತ್ತದ ಗದ್ದೆಗಳೂ ಅವುಗಳ ಬೆನ್ನಿಗೆ ನಿಂತ ಸಾಗುವಾನಿಯ ಕಾಡೂ ತಾವಾಗಿಯೇ ಸಾರುತ್ತಿದ್ದವು. ಧಾರವಾಡವೆಂದರೆ ಫೇಡೆ ಮತ್ತು ಸಂಗೀತವೆಂದಷ್ಟೇ ಬಲ್ಲವರು ಒಮ್ಮೆ ಇತ್ತ ಬರಬೇಕು.

ನಾನು ಬಂದುದು ಸಿದ್ದಿಯರನ್ನು ಕಾಣಲೆಂದು. ಪೋರ್ಚುಗೀಸರೂ ಅರಬ್ ವರ್ತಕರೂ ಆಫ್ರಿಕದಿಂದ ಗುಲಾಮರನ್ನಾಗಿ ತಂದವರ ಪೈಕಿ, ಗೋವೆಯ ಒಡೆಯರಿಂದ ತಪ್ಪಿಸಿಕೊಂಡು ಸಹ್ಯಾದ್ರಿಯ ಅರಣ್ಯವನ್ನು ಹೊಕ್ಕವರ ಸಂತತಿಯು ಯಲ್ಲಾಪುರ, ಹಳಿಯಾಳ, ಮುಂಡಗೋಡಗಳಲ್ಲಿ ಹೆಚ್ಚಾಗಿಯೂ ಈ ಕಲಘಟಗಿಯ ಕಾಡಂಚಿನಲ್ಲಿ ವಿರಳವಾಗಿಯೂ ನೆಲೆಸಿದೆ. ಅವರಲ್ಲಿ ಹಿಂದೂಗಳುಂಟು, ಮುಸಲ್ಮಾನರುಂಟು, ಕ್ರೈಸ್ತರುಂಟು. ಡಮಾಮಿ ವಾದ್ಯದ ನಾದವು ಮಾತ್ರ ಎಲ್ಲರದು. ಕಡಲಾಚೆಯಿಂದ ಬಂದವರು ಆದಿವಾಸಿಗಳಾದುದು ಹೇಗೆಂದು ಪಂಡಿತರು ಕೇಳಿಯಾರು. ಶತಮಾನಗಳಿಂದ ಕಾಡನ್ನೇ ನೆಚ್ಚಿ ಬಾಳಿದವರ ಅಂಗಳದಲ್ಲಿ ಕುಳಿತ ನನಗೆ ಆ ಪ್ರಶ್ನೆಯು ತೀರ ಶುಷ್ಕವೆನಿಸಿತು.

ಆ ಅಂಗಳದಲ್ಲಿ ಅಜ್ಜಿಯೊಬ್ಬಳು ಹಳೆಯ ಸೀರೆ, ಅಂಗಿಗಳ ತುಂಡುಗಳಿಂದ ಕೌದಿ ಹೊಲಿಯುತ್ತಿದ್ದಳು. ಸಿದ್ದಿ ಹೆಂಗಸರು ಅಂಚಿನಿಂದ ತೊಡಗಿ ಸುತ್ತಿಸುತ್ತಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೂ ಮಡಿಚಿದ ಬಟ್ಟೆಯ ತ್ರಿಕೋನದ ಹೂಗಳನ್ನಿಡುತ್ತಾರೆ. ಇಂದು ನಗರದ ಪ್ರದರ್ಶನಶಾಲೆಗಳ ಗೋಡೆಯೇರಿ ಕಲಾಕೃತಿಯೆನಿಸಿರುವುದು, ಇಲ್ಲಿ ಮೊಮ್ಮಗನ ಚಳಿಗೆ ಹೊದಿಕೆ.

“ಮೂಲ್ಯಾಗ ಹೂವು ಯಾಕಬೇ ಅಜ್ಜಿ?” ಎಂದೆನು.

“ಹೂವಿಲ್ಲದ ಕೌದಿ ಬತ್ಲಿ ಇದ್ದಂಗ, ಯಪ್ಪಾ” ಎಂದು ನಕ್ಕಳು. ಬಳಿಕ ಸೂಜಿಯನ್ನು ಯಲ್ಲಾಪುರದ ದಿಕ್ಕಿಗೆ ತೋರಿಸಿ, “ನಮ್ಮಣ್ಣ ಆ ಕಡೆ ಅದಾನ. ಒಬ್ಬ ತಾಯಿ ಮಕ್ಕಳು ನಾವು. ಅಂವಗ ಸರ್ಟಿಫಿಕೇಟ್ ಸಿಕ್ಕು ಎಷ್ಟೋ ವರ್ಷ ಆದಮ್ಯಾಲ ನಮಗ ಬಂತು” ಎಂದಳು.

ಆ ಸರ್ಟಿಫಿಕೇಟಿಗೆ ಆಧಾರವಾದ ಪರಿಶಿಷ್ಟ ಪಂಗಡಗಳ ಪಟ್ಟಿಯನ್ನು ತಿದ್ದುವ ಅಧಿಕಾರವು ಸಂವಿಧಾನದ 342ನೆಯ ವಿಧಿಯಂತೆ ಸಂಸತ್ತಿನದು. 2003ರಲ್ಲಿ ಸಿದ್ದಿಯರ ಹೆಸರನ್ನು ಸೇರಿಸುವಾಗ ಅದು ‘ಉತ್ತರ ಕನ್ನಡ ಜಿಲ್ಲೆಯಲ್ಲಿ’ ಎಂಬ ಕಟ್ಟನ್ನು ಹಾಕಿತ್ತು. ಕಾಡು ಒಂದೇ, ಕುಲ ಒಂದೇ, ಹಸಿವೂ ಒಂದೇ ಆಗಿರಲು, ಲೇಖನಿಯು ಎಳೆದ ಜಿಲ್ಲೆಯ ಗೆರೆಯೊಂದು ಒಡಹುಟ್ಟಿದವರನ್ನು ಎರಡು ಮಾಡಿತ್ತು. ಅದೇ ಸಿದ್ದಿಯರ ಮಕ್ಕಳ ಮೈಕಟ್ಟನ್ನು ಮೆಚ್ಚಿ 1980ರ ದಶಕದಲ್ಲೇ ಓಟದ ಅಂಕಣಕ್ಕೆ ಕರೆದೊಯ್ದು, ಕೆಲವೇ ವರ್ಷಗಳಲ್ಲಿ ಆ ಯೋಜನೆಯನ್ನು ಕೈಬಿಟ್ಟುದೂ ಸರಕಾರವೇ. ಸಿದ್ದಿ ಸಮುದಾಯದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾಗಿ ನಾಮನಿರ್ದೇಶನಗೊಂಡುದು 2020ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಯರು ಪಟ್ಟಿಗೆ ಸೇರಿದುದೂ ಅದೇ ವರ್ಷ. ಯಲ್ಲಾಪುರದ ಅಣ್ಣನಿಗಿಂತ ಹದಿನೇಳು ವರ್ಷ ತಡವಾಗಿ.