ಗಾಲಿಯ ಮೇಲಿನ ಮನೆ, ಉಳವಿಯ ದಾರಿ

ಮಾಘ ಮಾಸ ಸಮೀಪಿಸುತ್ತಲೇ ನಮ್ಮ ಸಾಲಹಳ್ಳಿಯ ಮನೆಯಲ್ಲಿ ಉಳವಿಯ ಮಾತು ಆರಂಭವಾಗುತ್ತದೆ. ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ಜರುಗುವ ಚನ್ನಬಸವಣ್ಣನವರ ಜಾತ್ರೆಗೆ ಬೆಳಗಾವಿ, ಧಾರವಾಡ ಜಿಲ್ಲೆಗಳ ಭಕ್ತರು ಚಕ್ಕಡಿ ಕಟ್ಟಿಕೊಂಡು ಹೋಗುವ ಪರಿಪಾಠ ಬಹು ಹಿಂದಿನದು. ಈ ಸಲ ಆ ಮಾತಿಗೆ ಹೊಸದೊಂದು ತಿರುವು ದೊರೆಯಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ತಮ್ಮನ ಮಗ ಹೀಗೆಂದನು:

“ದೊಡ್ಡಪ್ಪಾ, ಈ ಸಲ ಕ್ಯಾರವಾನ್ ಬಾಡಿಗಿಗೆ ತರೋಣು. ಅದರಾಗ ಮಲಗೂ ಜಾಗಾ, ಅಡಗಿಮನಿ, ಪಾಯಖಾನಿ ಎಲ್ಲಾ ಅದಾವ. ಒಂದ ದಿನ ಕಾಳಿ ಹೊಳಿ ದಂಡಿಗೆ ಇದ್ದು, ಮುಂದ ಉಳವಿಗೆ ಹೋಗೋಣು.”

“ಇದು ಯಾತ್ರೆಯೋ, ವಿಹಾರವೋ?” ಎಂದು ನಾನು ಬಿರುಸಾಗಿಯೇ ಕೇಳಿದೆ. ಮಠದಲ್ಲಿ ಓದಿ ಬೆಳೆದ ನನಗೆ, ಹಾಸಿಗೆ ಹಾಸಿದ ಗಾಡಿಯಲ್ಲಿ ಶರಣರ ಕ್ಷೇತ್ರಕ್ಕೆ ಹೋಗುವುದು ವ್ರತಭಂಗದಂತೆ ತೋರಿತು. ಕಲ್ಯಾಣದ ಕ್ರಾಂತಿಯ ತರುವಾಯ, 12ನೆಯ ಶತಮಾನದಲ್ಲಿ, ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಶರಣರು ಬಂದ ದಾರಿಯಲ್ಲವೇ ಅದು?

ಐವತ್ತು ವರ್ಷಗಳ ಹಿಂದೆ ನಮ್ಮ ತಂದೆಯವರು ಮಾಡುತ್ತಿದ್ದ ಸಿದ್ಧತೆ ಕಣ್ಣ ಮುಂದೆ ಬಂದಿತು. ಹದಿನೈದು ದಿನ ಮೊದಲೇ ಎತ್ತುಗಳಿಗೆ ನಾಲು ಕಟ್ಟಿಸುವರು. ಗಾಲಿಯ ಅಚ್ಚಿಗೆ ಕೀಲೆಣ್ಣೆ ಹಾಕುವರು. ಚಕ್ಕಡಿಗೆ ಕೊಲ್ಲಾರಿ ಕಟ್ಟಿ, ಮೇಲೆ ತಾಡಪತ್ರಿ ಹೊದಿಸುವರು. ಕಣಿಕೆ, ಹಿಂಡಿ, ಹತ್ತಿಕಾಳು ಇವು ಮೊದಲು. ಖಟಕ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ ಆಮೇಲೆ. ಬಿಡಾರ ಬಿಟ್ಟಲ್ಲಿ ಎತ್ತುಗಳು ನೀರು ಕುಡಿಯುವ ಮುನ್ನ ಮನುಷ್ಯರು ಕುಡಿಯಬಾರದೆಂಬುದು ಅವರ ಕಟ್ಟಳೆ. ಸವದತ್ತಿ, ಧಾರವಾಡ, ಹಳಿಯಾಳಗಳನ್ನು ದಾಟಿ ದಾಂಡೇಲಿಯ ಕಾಡು ಹೊಕ್ಕು, ಕಾಳಿಯ ದಡದಲ್ಲಿ ಎತ್ತು ಬಿಚ್ಚಿದಾಗ ಆಗುತ್ತಿದ್ದ ಆನಂದವನ್ನು ನಾನು ಎಷ್ಟೋ ಪ್ರವಚನಗಳಲ್ಲಿ ಬಣ್ಣಿಸಿದ್ದೇನೆ.

ಅಂದು ಸಹ ಬಣ್ಣಿಸತೊಡಗಿದೆ. ಎಂಬತ್ತೈದು ದಾಟಿದ ನಮ್ಮ ಅವ್ವ ಮೂಲೆಯಲ್ಲಿ ಕುಳಿತು ಕೇಳುತ್ತಿದ್ದಳು. ನನ್ನ ಮಾತು ಮುಗಿದ ಮೇಲೆ ಮೆಲ್ಲಗೆ ನುಡಿದಳು:

“ನೀವು ಗಂಡಸರು ಹೊಳಿದಂಡಿ ನೆನಸ್ತೀರಪಾ. ನಾವು ಕತ್ತಲಿ ನೆನಸ್ತೀವಿ. ನಸಕಿನ್ಯಾಗ ಎದ್ದು ಅಡವ್ಯಾಗ ಹೋಗಿ ಬಂದ್ವಿ ಅಂದ್ರ, ಹೊತ್ತು ಮುಳುಗೂತನಕ ತಡಕೊಂಡು ಚಕ್ಕಡ್ಯಾಗ ಕುಂಡ್ರಬೇಕು. ಅದಕ್ಕ ನಾವು ನೀರ ಕುಡೀತಿದ್ದಿಲ್ಲ.”

ನಾನು ನಿರುತ್ತರನಾದೆ. ಎತ್ತುಗಳಿಗೆ ಮೊದಲು ನೀರುಣಿಸಿದ ಆ ಯಾತ್ರೆಯಲ್ಲಿ ನನ್ನ ತಾಯಿ ದಿನವಿಡೀ ಬಾಯಾರಿ ಕುಳಿತಿದ್ದಳೆಂಬುದು ಅರ್ಧ ಶತಮಾನ ನನಗೆ ತಿಳಿಯಲಿಲ್ಲ. ಹೆಣ್ಣು ಗಂಡೆಂಬ ಭೇದವನ್ನು ಅಳಿಸಿದ ಶರಣರ ಹೆಸರಿನಲ್ಲಿ ನಡೆದ ದಾರಿಯದು. ಉಳವಿಯಲ್ಲಿ ಅಕ್ಕನಾಗಮ್ಮನ ಗವಿಯ ಮುಂದೆ ನಿಂತು ಕೈಮುಗಿದ ನಾನು, ಹಿಂದೆ ನಿಂತ ಅವ್ವನನ್ನು ಒಂದು ಮಾತು ಕೇಳಿರಲಿಲ್ಲ. ನಾವು ಹೊಗಳುವ ಪುರಾತನ ಸರಳತೆಯ ಭಾರವನ್ನು ಯಾರೋ ಒಬ್ಬರು ಮೌನವಾಗಿ ಹೊತ್ತಿರುತ್ತಾರೆ.

ಅಂದಿನಿಂದ ಯೋಜನೆಗೆ ನಾನೇ ಮುಂದಾದೆ. ಹುಡುಗನಿಗೆ ವಾಹನ ಗೊತ್ತು. ದಾರಿ ನನಗೆ ಗೊತ್ತೆಂದುಕೊಂಡಿದ್ದೆ. ಆದರೆ ದಾರಿಯೂ ಬದಲಾಗಿದೆ. ಅಂದು ಕಾಳಿಗೆ ಸೂಪಾ ಅಣೆಕಟ್ಟು ಇರಲಿಲ್ಲ. 1987ರಲ್ಲಿ ಪೂರ್ಣಗೊಂಡ, 101 ಮೀಟರ್ ಎತ್ತರದ ಆ ಕಟ್ಟೆಯ ಹಿನ್ನೀರಿನಲ್ಲಿ ಹಳೆಯ ಸೂಪಾ ಊರೇ ಮುಳುಗಿತು. ಇಂದು ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಮಳೆಯಿಲ್ಲದ ಮಾಘದಲ್ಲಿಯೂ ಕೆಳಗಿನ ಹೊಳೆ ಏರುತ್ತದೆ. ಆದುದರಿಂದ ತಂದೆಯವರು ಬಿಡಾರ ಹೂಡುತ್ತಿದ್ದಂತೆ ಹೊಳೆಯ ಉಸುಕಿನ ಮೇಲೆ ಇಳಿಯುವಂತಿಲ್ಲ. ದಾಂಡೇಲಿಯ ಸುತ್ತಲಿನ ನೀರಿನಲ್ಲಿ ಮೊಸಳೆಗಳಿವೆ. ಪ್ರಾತಃಕಾಲದ ಸ್ನಾನಕ್ಕೂ ಇಷ್ಟಲಿಂಗ ಪೂಜೆಗೂ ಹೊಳೆಗಿಳಿಯದೆ, ಕೊಡದಲ್ಲಿ ತುಂಬಿಟ್ಟ ನೀರನ್ನೇ ಬಳಸಬೇಕು. ಲಿಂಗಕ್ಕೆ ಮಜ್ಜನ ಮಾಡಿಸಲು ಒಂದು ಗಿಂಡಿ ನೀರು ಸಾಕು.

ಕಾಡೂ ಇಂದು ಬೇರೆ ನಿಯಮದ ಕಾಡು. 2007ರಲ್ಲಿ ದಾಂಡೇಲಿ ಅಣಶಿ ಪ್ರದೇಶವು ಹುಲಿ ಸಂರಕ್ಷಿತ ಪ್ರದೇಶವಾಯಿತು; 2015ರಲ್ಲಿ ಅದಕ್ಕೆ ಕಾಳಿಯ ಹೆಸರನ್ನೇ ಇಟ್ಟರು. ಮಾಘದ ಹೊತ್ತಿಗೆ ನೆಲದ ತುಂಬ ಒಣಗಿದ ತರಗೆಲೆ. ಮೂರು ಕಲ್ಲಿನ ಒಲೆಯ ಒಂದು ಕಿಡಿ ಸಾಕು. ಆದುದರಿಂದ ಕಾಡಿನಲ್ಲಿ ಒಲೆ ಹೂಡುವುದಿಲ್ಲವೆಂದು ನಿಶ್ಚಯಿಸಿದೆವು. ಮೌಳಂಗಿಯ ನದೀತೀರದ ಉದ್ಯಾನದಲ್ಲಿ ಹಗಲು ವಿಶ್ರಾಂತಿ, ಮನೆಯಿಂದ ತಂದ ಬುತ್ತಿಯ ಪ್ರಸಾದ. ರಾತ್ರಿ ದಾಂಡೇಲಿ ಊರೊಳಗೆ ಒಪ್ಪಿಗೆ ಪಡೆದ ಜಾಗದಲ್ಲಿ ವಾಹನದ ನಿಲುಗಡೆ. ಬೆಳಕು ಹರಿದ ಮೇಲೆ ಉಳವಿಯ ದಾರಿ.

ಇನ್ನೊಂದು ಪ್ರಶ್ನೆಯನ್ನು ನಾನೇ ಕೇಳಿದೆ. “ಪಾಯಖಾನಿ ಗಾಡ್ಯಾಗ ಅದ ಅಂದಿ. ಆ ಮೈಲಿಗಿ ನೀರು ಎಲ್ಲಿಗೆ ಹೋಗ್ತೈತಿ?” ತಳದಲ್ಲಿ ತೊಟ್ಟಿಯಿದೆ, ತುಂಬಿದಾಗ ಬರಿದು ಮಾಡಬೇಕು ಎಂದನು. ಎಲ್ಲಿ ಎಂಬುದನ್ನು ಅವನು ಯೋಚಿಸಿರಲಿಲ್ಲ. ಜೊಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವ, ಸುಮಾರು 184 ಕಿಲೋಮೀಟರ್ ಹರಿಯುವ ಆ ನದಿಗೆ ನಮ್ಮ ಹೊಲಸನ್ನು ಬಿಟ್ಟು, ಮುಂದೆ ಹೋಗಿ ಕೈಮುಗಿದರೆ ಯಾವ ಪುಣ್ಯ? ತೊಟ್ಟಿಯನ್ನು ಊರಿನ ಒಳಚರಂಡಿ ವ್ಯವಸ್ಥೆಗೆ ಸೇರಿಸುವ ಕರಾರನ್ನು ಬಾಡಿಗೆಗೆ ಕೊಡುವವರೊಡನೆ ಮೊದಲೇ ಮಾತನಾಡಬೇಕೆಂದು ಕಾಗದದಲ್ಲಿ ಬರೆಸಿದೆ. ಕಸಕ್ಕೆಂದು ಎರಡು ಚೀಲ ಹೆಚ್ಚು. ಒಂದು ನಮ್ಮದಕ್ಕೆ, ಇನ್ನೊಂದು ಅಲ್ಲಿ ಬಿದ್ದಿರುವುದಕ್ಕೆ. ಅದೂ ಒಂದು ದಾಸೋಹವೇ.

ಚಕ್ಕಡಿಯನ್ನು ಬಿಟ್ಟಿಲ್ಲ. ತಮ್ಮನು ಊರವರ ಚಕ್ಕಡಿಗಳೊಡನೆ ಐದಾರು ದಿನ ಮೊದಲೇ ಹೊರಡುವನು. ನಾವು ದಾಂಡೇಲಿಯಲ್ಲಿ ಅವರನ್ನು ಕೂಡಿಕೊಳ್ಳುವೆವು. ಅವರ ಜೊತೆಗಿರುವ ಹೆಣ್ಣುಮಕ್ಕಳಿಗೂ ವಾಹನದ ಬಾಗಿಲು ತೆರೆದಿರಬೇಕೆಂಬುದು ಅವ್ವನ ಅಪ್ಪಣೆ.

ಯಾದಿಯನ್ನು ಓದಿ ಹೇಳಿದಾಗ ಆಕೆ ಎಲ್ಲವನ್ನೂ ಕೇಳಿ, “ಕುಡಿಯೂ ನೀರು ಎಷ್ಟ ಕೊಡ ಬರದೀರಿ?” ಎಂದಳು. “ನಾಕು” ಎಂದೆ. “ಆರು ಮಾಡ್ರಿ” ಎಂದು ನಕ್ಕಳು. ಯಾದಿಯಲ್ಲಿ ನಾಲ್ಕನ್ನು ಹೊಡೆದು ಆರೆಂದು ಬರೆದೆ. ಅನೇಕ ವರ್ಷ ನಾನು ಬರೆದುದರಲ್ಲಿ ಅಷ್ಟು ಅವಶ್ಯವಾದ ತಿದ್ದುಪಡಿ ಇನ್ನೊಂದಿರಲಿಕ್ಕಿಲ್ಲ.

ಯಾತ್ರೆಗೆ ಹೊರಡುವ ಬಂಧುಗಳಲ್ಲಿ ನನ್ನ ಅರಿಕೆಯಿಷ್ಟೇ: ಗಾಡಿ ಯಾವುದಾದರೂ ಇರಲಿ, ಕಟ್ಟುವ ಮೊದಲು ಮನೆಯ ಹೆಣ್ಣುಮಕ್ಕಳನ್ನು ಒಂದು ಮಾತು ಕೇಳಿರಿ. ಶರಣು ಶರಣಾರ್ಥಿ.