ಹತ್ತು ಜನರ ಯಂತ್ರ



ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿದವರಿಗೆ ಒಂದು ಸಂಗತಿ ನೆನಪಿನಲ್ಲಿರಬಹುದು. ಊಟ ಮುಗಿದೊಡನೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ಉಂಡ ತಟ್ಟೆಯನ್ನು ತಾನೇ ಬೆಳಗಿ, ಮುಂದಿನ ಪಂಕ್ತಿಯವರ ಕೈಗೆ ಸಿಗುವಂತೆ ಬೋರಲಿಟ್ಟು ಹೊರಬರಬೇಕಾಗಿತ್ತು. ಆ ತಟ್ಟೆಗಳ ಮೇಲೆ ಯಾರ ಹೆಸರೂ ಇರುತ್ತಿರಲಿಲ್ಲ. ಇಂದು ನಾನುಂಡ ತಟ್ಟೆ ನಾಳೆ ಯಾರದೋ. ಅಂದು ಬೇಸರದಿಂದ ಮಾಡಿದ ಆ ಕೆಲಸ ನನ್ನ ನಡುವಯಸ್ಸಿನಲ್ಲಿ, ಒಂದು ಯಂತ್ರದ ಮುಂದೆ, ನೆನಪಾಗಿ ನನ್ನನ್ನು ನಾಚಿಸಿತು. ಆ ಪ್ರಸಂಗವನ್ನೇ ನಿಮ್ಮೆದುರು ನಿವೇದಿಸಬೇಕೆಂದಿದ್ದೇನೆ.

ನಾನು ಬೆಂಗಳೂರಿನ ಒಂದು ಸಂಶೋಧನ ಸಂಸ್ಥೆಯಲ್ಲಿ ರಕ್ತದ ಜೀವಕೋಶಗಳನ್ನು ಕುರಿತು ಕೆಲಸ ಮಾಡುವವನು. ನಮ್ಮಲ್ಲಿ ಎಲ್ಲ ವಿಭಾಗಗಳಿಗೂ ಸೇರಿದ ಒಂದು ಕೋಣೆಯಿದೆ. ಬೆಲೆಬಾಳುವ ಉಪಕರಣಗಳನ್ನು ಒಬ್ಬೊಬ್ಬರಿಗೂ ಒಂದೊಂದರಂತೆ ಕೊಳ್ಳುವುದು ಸಾಧ್ಯವಿಲ್ಲವಾದ್ದರಿಂದ ಅವನ್ನು ಆ ಕೋಣೆಯಲ್ಲಿರಿಸಿ, ಸರದಿಯ ಪ್ರಕಾರ ಬಳಸುತ್ತೇವೆ. ಅವುಗಳಲ್ಲಿ ಒಂದು, ಜೀವಕೋಶಗಳನ್ನು ಅಯಸ್ಕಾಂತದ ಬಲದಿಂದ ಬೇರ್ಪಡಿಸುವ ಸ್ವಯಂಚಾಲಿತ ಯಂತ್ರ.

ಜೀವಕೋಶಕ್ಕೂ ಅಯಸ್ಕಾಂತಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣಗಳೂ 40 ಲಕ್ಷದಿಂದ 1 ಕೋಟಿ 10 ಲಕ್ಷದವರೆಗೆ ಬಿಳಿಯ ಕಣಗಳೂ ಇರುತ್ತವೆ. ಬಿಳಿಯ ಕಣಗಳಲ್ಲಿಯೂ ಹಲವು ಜಾತಿಗಳುಂಟು. ಒಂದು ಜಾತಿಯನ್ನು ಅಭ್ಯಾಸ ಮಾಡಬೇಕಾದರೆ ಅದನ್ನು ಉಳಿದವುಗಳಿಂದ ಬೇರೆ ಮಾಡಲೇಬೇಕು. ನಮ್ಮ ತಾಯಂದಿರು ಮೊರದಲ್ಲಿ ಕೇರಿ ಕಾಳನ್ನೂ ಹೊಟ್ಟನ್ನೂ ಬೇರೆ ಮಾಡುತ್ತಿದ್ದರು. ಆದರೆ ಗಾತ್ರದಲ್ಲಿಯೂ ತೂಕದಲ್ಲಿಯೂ ಒಂದನ್ನೊಂದು ಹೋಲುವ ಕಣಗಳಿಗೆ ಯಾವ ಮೊರವೂ ಸಾಲದು.

ಆದರೆ ಪ್ರತಿ ಜಾತಿಯ ಕಣದ ಮೈಮೇಲೂ ಅದರದೇ ಆದ ಗುರುತುಗಳಿರುತ್ತವೆ. ಅಂತಹ ಒಂದು ಗುರುತನ್ನೇ ಹುಡುಕಿ ಅಂಟಿಕೊಳ್ಳುವ ಪ್ರತಿಕಾಯವೆಂಬ ವಸ್ತುವಿಗೆ ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಮಣಿಯನ್ನು ಜೋಡಿಸುತ್ತಾರೆ. ಮಣಿಯ ವ್ಯಾಸ ಸುಮಾರು 50 ನ್ಯಾನೋಮೀಟರ್, ಎಂದರೆ ಜೀವಕೋಶದ ವ್ಯಾಸದ ನೂರರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಹೀಗೆ ಮಣಿ ತೊಟ್ಟ ಕಣಗಳನ್ನು ಕಬ್ಬಿಣದ ಸಣ್ಣ ಗುಂಡುಗಳು ತುಂಬಿರುವ ಒಂದು ಕೊಳವೆಯ ಮೂಲಕ ಹರಿಸುತ್ತಾರೆ. ಕೊಳವೆಯ ಪಕ್ಕದಲ್ಲಿ ಬಲವಾದ ಅಯಸ್ಕಾಂತವಿರುತ್ತದೆ. ಗುಂಡುಗಳು ಅದರ ಬಲವನ್ನು ಅನೇಕ ಪಟ್ಟು ಹೆಚ್ಚಿಸುತ್ತವೆ. ಮಣಿ ತೊಟ್ಟ ಕಣಗಳು ಅಲ್ಲಿಯೇ ನಿಲ್ಲುತ್ತವೆ, ಉಳಿದವು ಹರಿದು ಹೋಗುತ್ತವೆ. ಬಳಿಕ ಅಯಸ್ಕಾಂತವನ್ನು ದೂರ ಸರಿಸಿದರೆ ನಿಂತ ಕಣಗಳು ಜೀವಂತವಾಗಿಯೇ ಕೈಗೆ ಬರುತ್ತವೆ. ಜರ್ಮನಿಯ ಸ್ಟೆಫಾನ್ ಮಿಲ್ಟೆನಿ ಮತ್ತು ಅವರ ಸಹೋದ್ಯೋಗಿಗಳು 1990ರಲ್ಲಿ ಈ ವಿಧಾನವನ್ನು ಪ್ರಬಂಧರೂಪದಲ್ಲಿ ಪ್ರಕಟಿಸಿದರು.

ಹಿಂದೆ ಇದನ್ನು ನಾವು ಕೈಯಿಂದಲೇ ಮಾಡುತ್ತಿದ್ದೆವು. ಹನಿ ಹನಿಯಾಗಿ ಇಳಿಯುವ ದ್ರವವನ್ನು ಕಾಯುತ್ತ ಕುಳಿತಿರಬೇಕಾಗಿತ್ತು. ಯಂತ್ರವಾದರೋ ತಾನೇ ದ್ರವವನ್ನು ಹೀರಿ, ತಾನೇ ಅಯಸ್ಕಾಂತವನ್ನು ಸರಿಸಿ, ಬೇಕಾದುದನ್ನು ಒಂದು ನಳಿಗೆಯಲ್ಲಿಯೂ ಬೇಡವಾದುದನ್ನು ಮತ್ತೊಂದರಲ್ಲಿಯೂ ತುಂಬಿಕೊಡುತ್ತದೆ. ಆದರೂ ಮನುಷ್ಯನ ಪಾಲಿಗೆ ಕೆಲವು ಕರ್ತವ್ಯಗಳು ಉಳಿದೇ ಇರುತ್ತವೆ. ಕಣಗಳು ಗಂಟುಕಟ್ಟಿದ್ದರೆ ಕೊಳವೆ ಕಟ್ಟಿಕೊಳ್ಳುವುದರಿಂದ ಅವನ್ನು ಮೊದಲು 30 ಮೈಕ್ರೋಮೀಟರ್ ಕಂಡಿಗಳ ಜಾಲರಿಯಲ್ಲಿ ಸೋಸಬೇಕು. ದ್ರಾವಣದಲ್ಲಿ ಗಾಳಿಯ ಗುಳ್ಳೆಗಳಿರಬಾರದು. ಒಂದು ಮಾದರಿಗೂ ಮತ್ತೊಂದಕ್ಕೂ ನಡುವೆ ಯಂತ್ರವನ್ನು ತೊಳೆಯಬೇಕು. ದಿನದ ಕೊನೆಯ ಸರದಿಯವರು ಪೂರ್ಣವಾಗಿ ತೊಳೆದು, ಕೊಳವೆಗಳಲ್ಲಿ ಶೇಕಡಾ 70ರ ಮದ್ಯಸಾರವನ್ನು ತುಂಬಿ ನಿಲ್ಲಿಸಬೇಕು. ಇದಕ್ಕೆ ನಮ್ಮಲ್ಲಿ ಯಂತ್ರವನ್ನು ‘ಮಲಗಿಸುವುದು’ ಎನ್ನುತ್ತೇವೆ. ಒಂದು ಗುಂಡಿಯನ್ನೊತ್ತಿ ಕೆಲವು ನಿಮಿಷ ಕಾದರೆ ಆಗುವ ಕೆಲಸವದು.

ಒಂದು ಸಂಜೆ ಕೊನೆಯ ಸರದಿ ನನ್ನದಾಗಿತ್ತು. ಊರಿಗೆ ಹೋಗುವ ಬಸ್ಸಿನ ಹೊತ್ತಾಗುತ್ತಿತ್ತು. ಅವಸರದಲ್ಲಿ ನಾನು ಕಣಗಳನ್ನು ಸೋಸದೆಯೇ ಯಂತ್ರಕ್ಕೆ ಕೊಟ್ಟೆ. ನನಗೆ ಬೇಕಾದ ನಳಿಗೆ ಕೈಗೆ ಬಂದೊಡನೆ, ತೊಳೆಯುವುದನ್ನೂ ಮಲಗಿಸುವುದನ್ನೂ ಬಿಟ್ಟು, ವಿದ್ಯುತ್ತನ್ನು ಆರಿಸಿ ಹೊರಟೆ. ದಾಖಲೆಯ ಪುಸ್ತಕದಲ್ಲಿ ಹೆಸರನ್ನೂ ವೇಳೆಯನ್ನೂ ಬರೆದೆ. ‘ತೊಳೆದಿದೆ’ ಎಂದು ಬರೆಯಬೇಕಾದ ಅಂಕಣವನ್ನು ಖಾಲಿ ಬಿಟ್ಟೆ. ಸುಳ್ಳು ಬರೆಯಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆನೆಂಬುದನ್ನೂ ನಿಮ್ಮಿಂದ ಮುಚ್ಚಿಡಲಾರೆ.

ಎರಡು ದಿನಗಳ ಅನಂತರ ಹಿಂದಿರುಗಿದಾಗ ನೆರೆಯ ವಿಭಾಗದ ಒಬ್ಬ ವಿದ್ಯಾರ್ಥಿನಿ ಮೆಟ್ಟಿಲ ಬಳಿ ಒಬ್ಬಳೇ ಕುಳಿತಿದ್ದಳು. “ಏನಮ್ಮಾ, ಮೈಯಲ್ಲಿ ಹುಷಾರಿಲ್ಲವೇ?” ಎಂದೆ. “ಮಾದರಿ ಹಾಳಾಯಿತು, ಸಾರ್” ಎಂದಳು. ರಕ್ತದ ಕಾಯಿಲೆಯಿರುವ ಒಂದು ಮಗುವಿನ ಅಸ್ಥಿಮಜ್ಜೆಯದು. ರೋಗಪರೀಕ್ಷೆಗಾಗಿ ತೆಗೆದುದರಲ್ಲಿ ಮಿಕ್ಕ ಸ್ವಲ್ಪವನ್ನು ತಂದೆತಾಯಿಗಳು ಒಪ್ಪಿಗೆಯಿತ್ತು ಸಂಶೋಧನೆಗೆ ಕೊಟ್ಟಿದ್ದರು. ಅವಳಿಗೆ ಬೇಕಾಗಿದ್ದುದು ರಕ್ತದ ಮೂಲಕೋಶಗಳು. ಮಜ್ಜೆಯಿಂದ ಪ್ರತ್ಯೇಕಿಸಿದ ಬಿಳಿಯ ಕಣಗಳಲ್ಲಿ ಅವು ಅತ್ಯಲ್ಪ ಮಾತ್ರ. ಬೆಳಗ್ಗೆ ಯಂತ್ರಕ್ಕೆ ಕೊಟ್ಟಾಗ ಹರಿವು ನಡುವೆಯೇ ನಿಂತುಹೋಯಿತಂತೆ. ಕೊಳವೆಯಲ್ಲಿ ಹಳೆಯ ಗಂಟುಗಳು ಒಣಗಿ ಕುಳಿತಿದ್ದವಂತೆ. ಮಾದರಿಯ ಅರ್ಧಕ್ಕಿಂತ ಹೆಚ್ಚು ಅಲ್ಲಿಯೇ ಸಿಕ್ಕಿ ನಷ್ಟವಾಯಿತು.

“ಮತ್ತೊಮ್ಮೆ ತರಿಸಲಾಗುವುದಿಲ್ಲವೇ?” ಎಂದು ಕೇಳಿದೆ. “ಸಂಶೋಧನೆಗೆಂದು ಮಗುವಿನ ಮೂಳೆಗೆ ಮತ್ತೆ ಸೂಜಿ ಚುಚ್ಚಿರೆಂದು ಹೇಗೆ ಕೇಳುವುದು, ಸಾರ್?” ಎಂದಳು.

ಓದುಗರೇ, ಆಕೆ ಯಾರನ್ನೂ ದೂರಲಿಲ್ಲ. ಪುಸ್ತಕವನ್ನು ನೋಡಿದ್ದಳೋ ಇಲ್ಲವೋ ನಾನು ಕೇಳಲಿಲ್ಲ. ನಾನು ಹಿರಿಯ, ಆಕೆ ಕಿರಿಯಳು. ಸುಮ್ಮನಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಕೊಠಡಿಗೆ ಹೋಗಿ ಕುಳಿತೆ. ಆಗಲೇ ಆ ತಟ್ಟೆಗಳು ನೆನಪಾದುವು. ಎಂಜಲು ತಟ್ಟೆಯನ್ನು ಬಿಟ್ಟು ಬಂದವನು ತನ್ನ ಹಸಿವನ್ನು ತೀರಿಸಿಕೊಂಡಿರುತ್ತಾನೆ. ಹಸಿದು ಬಂದವನ ಕೈಗೆ ಆ ತಟ್ಟೆ ಸಿಗುತ್ತದೆ. ಇಲ್ಲಿ ನಾನು ಬಿಟ್ಟು ಬಂದ ಎಂಜಲು ಒಂದು ರೋಗಿ ಮಗುವಿನ ಪಾಲಿಗೆ ಹೋಗಿತ್ತು.

ಕೆಳಗಿಳಿದು ಹೋಗಿ ಪುಸ್ತಕದ ಆ ಖಾಲಿ ಅಂಕಣದಲ್ಲಿ ‘ತೊಳೆಯಲಿಲ್ಲ’ ಎಂದು ಬರೆದು ಸಹಿ ಮಾಡಿದೆ. ಆಮೇಲೆ ಆಕೆಯ ಬಳಿಗೂ, ಆಕೆಯ ಮಾರ್ಗದರ್ಶಕರ ಬಳಿಗೂ ಹೋಗಿ ನಡೆದುದನ್ನು ಹೇಳಿದೆ. ಹೊಸ ಕೊಳವೆಯ ವೆಚ್ಚವನ್ನು ನನ್ನ ವಿಭಾಗ ಭರಿಸಿತು. ಮಜ್ಜೆಯ ನಷ್ಟವನ್ನು ಯಾರೂ ಭರಿಸುವಂತಿರಲಿಲ್ಲ. ಉಳಿದ ಕಣಗಳಿಂದ ಆಕೆ ಯೋಚಿಸಿದ್ದ ಎರಡು ಪರೀಕ್ಷೆಗಳಲ್ಲಿ ಒಂದನ್ನು ಮಾತ್ರ ಮಾಡಲು ಸಾಧ್ಯವಾಯಿತು. ನನ್ನ ಮಾತನ್ನೆಲ್ಲ ಕೇಳಿ ಆಕೆ ಬಹಳ ಹೊತ್ತು ಸುಮ್ಮನಿದ್ದು, “ಇನ್ನು ಮೇಲೆ ತೊಳೆದಿಡಿ, ಸಾರ್” ಎಂದಷ್ಟೇ ಅಂದಳು. ನನ್ನ ವಯಸ್ಸಿಗೂ ಪದವಿಗೂ ಅದಕ್ಕಿಂತ ತಕ್ಕ ಮಾತು ಬೇರೆ ಇರಲಾರದು.

‘ಸ್ವಯಂಚಾಲಿತ’ ಎಂಬ ಮಾತು ನನ್ನನ್ನು ಮೋಸಗೊಳಿಸಿತ್ತೆಂದು ಈಗ ತೋರುತ್ತದೆ. ಯಂತ್ರವು ಕೈಯ ಕೌಶಲವನ್ನು ತಾನು ವಹಿಸಿಕೊಂಡೀತು. ತನ್ನ ಮುಂದೆ ನಾಳೆ ಯಾರು ಬಂದು ನಿಲ್ಲುವರೆಂಬ ಯೋಚನೆಯನ್ನು ಅದು ವಹಿಸಿಕೊಳ್ಳದು. ಆ ಯೋಚನೆ ಹಿಂದೆ ಕೈಯಿಂದ ಕೆಲಸ ಮಾಡುತ್ತಿದ್ದಾಗ ನಮ್ಮದಾಗಿತ್ತು, ಈಗಲೂ ನಮ್ಮದೇ.

ನೀವು ಇಂತಹ ಯಂತ್ರವನ್ನು ಕಾಣದಿರಬಹುದು. ಆದರೆ ನಿಮ್ಮ ಊರಿನ ಬಾವಿ, ಶಾಲೆಯ ಪುಸ್ತಕ, ಆಸ್ಪತ್ರೆಯ ಮಂಚ, ಛತ್ರದ ಅಡುಗೆಮನೆ, ಇವೆಲ್ಲವೂ ಹತ್ತು ಜನರವೇ. ನನ್ನ ಈ ತಪ್ಪಿನ ನೆನಪು ನಿಮ್ಮಲ್ಲಿ ಯಾರಿಗಾದರೂ ಹೊರಡುವ ಅವಸರದಲ್ಲಿ ಒಂದು ಕ್ಷಣ ಹಿಂದಿರುಗಿ ನೋಡುವಂತೆ ಮಾಡಿದರೆ, ಇದನ್ನು ಬರೆದ ಸಂಕೋಚ ಸಾರ್ಥಕವೆಂದು ಭಾವಿಸುತ್ತೇನೆ.