ಎರವಲು ರನ್‌ವೇ

ರೇಸ್ ಮುಗಿದ ಮೇಲೆ ಜನರ ಬಾಯಲ್ಲಿ ಉಳಿಯುವುದು ಗೆದ್ದವರ ಹೆಸರು. ರೇಸ್ ನಡೆಸುವ ಕ್ಲಬ್ಬಿನವರ ತಲೆಬಿಸಿಯೇ ಬೇರೆ: ಕಾರು ಓಡಿಸಲು ಜಾಗ ಯಾರು ಕೊಡುತ್ತಾರೆ?

1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿಗೆ ಸ್ವಂತದ್ದೆಂದು ಒಂದು ಗಜ ಟ್ರ್ಯಾಕೂ ಇರಲಿಲ್ಲ. ನಗರದ ಉತ್ತರಕ್ಕೆ ಶೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ರನ್‌ವೇ ಇತ್ತು. ವಿಮಾನಕ್ಕೆ ನೇರ ದಾರಿ ಸಾಕು, ರೇಸಿಗೆ ತಿರುವು ಬೇಕು. ಆ ತಿರುವುಗಳನ್ನು ಕ್ಲಬ್ಬಿನವರೇ ಗುರುತು ಮಾಡಿಕೊಂಡರು. ಎಂಬತ್ತರ ದಶಕದವರೆಗೂ ದೇಶದ ರೇಸ್ ಹುಚ್ಚಿನವರಿಗೆ ಅದೇ ಕಾಶಿ.

ಬೆಂಗಳೂರು, ಮೈಸೂರಿನವರ ಪಾಲೂ ಅದರಲ್ಲಿ ದೊಡ್ಡದು. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು; ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಶೋಲಾವರಂನಲ್ಲಿ ಸದ್ದು ಮಾಡಿದವು. ಹೊರದೇಶದ ಕಾರು ತರಿಸುವುದು ದುಬಾರಿ, ಕಷ್ಟ. ಹಾಗಾಗಿ ಫಿಯೆಟ್, ಹೆರಾಲ್ಡ್ ಎಂಜಿನ್ನುಗಳನ್ನೇ ಬಿಚ್ಚಿ, ಉಜ್ಜಿ, ಗ್ಯಾರೇಜಿನಲ್ಲಿ ಒಬ್ಬರೇ ಕೂರುವ ರೇಸ್ ಕಾರು ಕಟ್ಟುತ್ತಿದ್ದರು. ಬೆಂಗಳೂರಿನ ವಿಜಯ ಮಲ್ಯ ಅಲ್ಲಿ ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನೇ ಓಡಿಸಿದ್ದರು, ಅದು ಬಿಡಿ, ಎಲ್ಲರ ಕೈಗೆ ಎಟುಕುವ ಮಾತಲ್ಲ.

ಆದರೆ ಕ್ಲಬ್ ಎಂದರೆ ಚಾಲಕರಷ್ಟೇ ಅಲ್ಲ. ಪ್ರತಿ ತಿರುವಿನಲ್ಲೂ ಬಾವುಟ ಹಿಡಿದ ಮಾರ್ಷಲ್ ಒಬ್ಬರು ಬಿಸಿಲಲ್ಲಿ ನಿಲ್ಲಬೇಕು. ಹಳದಿ ಬೀಸಿದರೆ ಮುಂದೆ ಅಪಾಯ, ಯಾರೂ ಹಿಂದಿಕ್ಕುವಂತಿಲ್ಲ. ನೀಲಿ ತೋರಿಸಿದರೆ ಹಿಂದಿನಿಂದ ವೇಗದ ಕಾರು ಬರುತ್ತಿದೆ. ಹಳದಿ ಕೆಂಪು ಪಟ್ಟಿಯದಾದರೆ ರಸ್ತೆ ಜಾರುತ್ತಿದೆ. ಬಾವುಟ ಎರಡು ಸೆಕೆಂಡ್ ತಡವಾದರೆ ಬಿದ್ದ ಬೈಕಿನ ಮೇಲೆ ಇನ್ನೊಂದು ಬೈಕು. ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ವಾರದ ದಿನ ಬೇರೆಲ್ಲೋ ದುಡಿಯುವವರು. ಇಲ್ಲಿ ಸಿಗುವುದು ಊಟ, ಒಂದು ಟೊಪ್ಪಿ.

ಟ್ರ್ಯಾಕ್ ಇಲ್ಲದ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ರಸ್ತೆಯನ್ನೇ ನೆಚ್ಚಿಕೊಂಡು ಕೆ-1000 ರ‍್ಯಾಲಿ ನಡೆಸಿದರು. ರ‍್ಯಾಲಿಯಲ್ಲಿ ಕಾರುಗಳು ಒಂದರ ಪಕ್ಕ ಒಂದು ಓಡುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಒಂದೊಂದಾಗಿ ಹೊರಡುತ್ತವೆ, ಪೈಪೋಟಿ ಗಡಿಯಾರದ ಜೊತೆ. ಓಡಿಸುವವರ ಪಕ್ಕದಲ್ಲಿ ಕೂತವರು ಮುಂದಿನ ತಿರುವು ಎಂಥದ್ದೆಂದು ಓದಿ ಹೇಳುತ್ತಾರೆ. ಚಿಕ್ಕಮಗಳೂರಿನ ರ‍್ಯಾಲಿಗಳಿಗೆ ಕಾಫಿ ತೋಟದ ಮಣ್ಣು ರಸ್ತೆಗಳೇ ಟ್ರ್ಯಾಕ್. ತೋಟದವರು ಒಲ್ಲೆ ಎಂದರೆ ರ‍್ಯಾಲಿಯೇ ಇಲ್ಲ.

ಮದ್ರಾಸಿನವರು ಮಾತ್ರ ಎರವಲಿಗೆ ಕೊನೆ ಹಾಡಿದರು. ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿ ಕ್ಲಬ್ಬಿನ ಸ್ವಂತ ಟ್ರ್ಯಾಕ್ 1990ರಲ್ಲಿ ತೆರೆಯಿತು, ಸುಮಾರು 3.7 ಕಿಲೋಮೀಟರಿನದು. ಅದು ಇರುವುದು ಬೆಂಗಳೂರು ಹೆದ್ದಾರಿಯ ಬದಿಗೆ. ಬೆಂಗಳೂರಿನ ಗ್ಯಾರೇಜುಗಳಲ್ಲಿ ಕಟ್ಟಿದ ಕಾರು, ಬೈಕುಗಳು ಟ್ರಕ್ ಏರಿ ಹೊಸೂರು ದಾಟಿ ಅಲ್ಲಿಗೇ ಹೋಗುತ್ತವೆ.